ಘಟ್ಟದಂಚಿನ ಪಾನಪರೀಕ್ಷೆ

ಬೆಳಗಾವಿಯ ಪೇಟೆಯಲ್ಲಾಗಲಿ ಖಾನಾಪುರದ ಹೆದ್ದಾರಿಯ ಬದಿಯಲ್ಲಾಗಲಿ ಇರುವ ಮದ್ಯದಂಗಡಿಯೊಂದರ ಕಪಾಟಿನಿಂದ, ನಮ್ಮ ದೇಶದಲ್ಲೇ ತಯಾರಾದ ವಿಸ್ಕಿ, ರಮ್, ಬ್ರಾಂದಿಗಳ ಸೀಸೆಗಳನ್ನು ಒಂದೊಂದಾಗಿ ತೆಗೆದು ಅವುಗಳ ಚೀಟಿಯನ್ನು ಓದುತ್ತ ಹೋದರೆ, ಹೆಸರು, ಬಣ್ಣ, ಬೆಲೆಗಳಲ್ಲಿ ಅಜಗಜಾಂತರವಿದ್ದರೂ ಬಹುತೇಕ ಎಲ್ಲದರ ಮೇಲೆಯೂ ಒಂದೇ ಅಂಕೆ ಕಾಣಸಿಗುತ್ತದೆ: ನೂರಕ್ಕೆ 42.8 ಪಾಲು ಮದ್ಯಸಾರ. ನಲವತ್ತೂ ಅಲ್ಲದ, ನಲವತ್ತೈದೂ ಅಲ್ಲದ, ದಶಾಂಶದ ಬಾಲವೊಂದನ್ನು ಅಂಟಿಸಿಕೊಂಡ ಈ ವಿಚಿತ್ರ ಸಂಖ್ಯೆಯನ್ನು ಯಾವ ರಸಿಕನೂ ಸವಿದು ನಿರ್ಣಯಿಸಿದ್ದಲ್ಲ, ಯಾವ ಭಟ್ಟಿಯವನೂ ಅನುಭವದಿಂದ ಕಂಡುಕೊಂಡದ್ದಲ್ಲ. ಅದು ಇಂಗ್ಲೆಂಡಿನ ಸುಂಕದ ಕಟ್ಟೆಯಿಂದ ಹೊರಟು, ಬೆಳಗಾವಿಯೂ ಸೇರಿದ್ದ ಮುಂಬಯಿ ಇಲಾಖೆಯ ಅಬಕಾರಿ ಕಚೇರಿಗಳನ್ನು ಹಾದು, ಸಾಮ್ರಾಜ್ಯವು ಮುಳುಗಿದ ಮೇಲೂ ಮುಳುಗದೆ ಉಳಿದುಕೊಂಡು ಬಂದಿರುವ ಅವಶೇಷ.

ಮದ್ಯದ ಶಕ್ತಿಯನ್ನು ಪರೀಕ್ಷಿಸಲು ಕೋವಿಮದ್ದಿನ ಮೇಲೆ ಅದನ್ನು ಸುರಿದು ಕಿಡಿ ತಾಗಿಸುತ್ತಿದ್ದರೆಂದೂ, ಒದ್ದೆಯಾದ ಮದ್ದು ಹೊತ್ತಿಕೊಂಡರೆ ದ್ರವ್ಯವು ಪರೀಕ್ಷೆಯಲ್ಲಿ ಉತ್ತೀರ್ಣವಾಯಿತೆಂದು ಎಣಿಸುತ್ತಿದ್ದರೆಂದೂ ಪಾಶ್ಚಾತ್ಯರಲ್ಲಿ ಒಂದು ಐತಿಹ್ಯವಿದೆ. ಅಲ್ಲಿಂದ ಹುಟ್ಟಿದ ‘ಪ್ರೂಫ್’ ಎಂಬ ಮಾನಕ್ಕೆ 1816ರ ಬ್ರಿಟಿಷ್ ಶಾಸನವು ಶಾಸ್ತ್ರೀಯವಾದ ರೂಪವನ್ನು ಕೊಟ್ಟಿತು. 51 ಡಿಗ್ರಿ ಫ್ಯಾರನ್‌ಹೀಟ್ ಉಷ್ಣತೆಯಲ್ಲಿ ಅಷ್ಟೇ ಪರಿಮಾಣದ ನೀರಿನ ತೂಕದ 13ರಲ್ಲಿ 12 ಪಾಲು ತೂಗುವ ಮದ್ಯವೇ ಪ್ರೂಫ್ ಮದ್ಯವೆಂದು ನಿಶ್ಚಯಿಸಿ, ಅದನ್ನು ಅಳೆಯಲು ಸೈಕ್ಸ್ ಎಂಬ ಸುಂಕಾಧಿಕಾರಿಯ ಹೆಸರಿನ ಹೈಡ್ರೋಮೀಟರನ್ನು ಅಂಗೀಕರಿಸಿತು. ಹಿತ್ತಾಳೆಯ ಗೋಲ, ಅದರ ಮೇಲಕ್ಕೆ ಗೆರೆ ಕೊರೆದ ದಂಡ, ಕೆಳಗೆ ಸಿಕ್ಕಿಸಲು ಅಂಕೆ ಕೆತ್ತಿದ ಪುಟ್ಟ ಪುಟ್ಟ ತೂಕದ ಬಿಲ್ಲೆಗಳು, ಜೊತೆಗೊಂದು ತಾಪಮಾಪಕ, ಇವೆಲ್ಲವೂ ಮಖಮಲ್ಲಿನ ಹಾಸಿನ ಮರದ ಪೆಟ್ಟಿಗೆಯೊಳಗೆ ಪೂಜಾಸಾಮಗ್ರಿಯಷ್ಟು ಭಕ್ತಿಯಿಂದ ಜೋಡಿಸಲ್ಪಟ್ಟಿರುತ್ತಿದ್ದವು. ಇಂಥ ಪ್ರೂಫ್ ಮದ್ಯದಲ್ಲಿ ಪರಿಮಾಣಕ್ಕೆ ನೂರಕ್ಕೆ 57ಕ್ಕಿಂತ ತುಸು ಹೆಚ್ಚು ಮದ್ಯಸಾರವಿರುತ್ತದೆ; ಅದಕ್ಕಿಂತ 25 ಡಿಗ್ರಿ ಕೆಳಗಿನದು, ಎಂದರೆ ಅದರ ಮುಕ್ಕಾಲು ಪಾಲು, 42.8. ಲೆಕ್ಕ ಇಷ್ಟೇ.

ಈ ಉಪಕರಣವು ನಮ್ಮ ನಾಡಿಗೆ ಬಂದುದು ರುಚಿಯ ಕಾರಣಕ್ಕಲ್ಲ, ತೆರಿಗೆಯ ಕಾರಣಕ್ಕೆ. ಕಂಪನಿ ಸರಕಾರದ ಕಾಲದಲ್ಲಿ ಮದ್ಯ ತಯಾರಿಸಿ ಮಾರುವ ಹಕ್ಕನ್ನು ಹರಾಜಿನಲ್ಲಿ ಗುತ್ತಿಗೆ ಕೊಡುತ್ತಿದ್ದರು. ಗುತ್ತಿಗೆದಾರನು ಎಷ್ಟು ಇಳಿಸಿದನು, ಎಂಥದನ್ನು ಇಳಿಸಿದನು ಎಂಬುದು ಸರಕಾರದ ಗೊಡವೆಯಾಗಿರಲಿಲ್ಲ. 1878ರ ಮುಂಬಯಿ ಅಬಕಾರಿ ಕಾಯಿದೆಯು, ಅದರ ಸೂತ್ರಧಾರನಾಗಿದ್ದ ಚಾರ್ಲ್ಸ್ ಪ್ರಿಚರ್ಡ್ ಎಂಬ ಕಮಿಶನರನ ದಾರ್ಢ್ಯದಿಂದ, ಈ ಸಡಿಲವಾದ ವ್ಯವಸ್ಥೆಯನ್ನು ಬಿಗಿಗೊಳಿಸಿತು. ಹಳ್ಳಿಹಳ್ಳಿಯ ಭಟ್ಟಿಗಳನ್ನು ಆರಿಸಿ, ಮದ್ಯವನ್ನು ಸರಕಾರದ ಕಣ್ಣೆದುರಿನ ಕೇಂದ್ರ ಭಟ್ಟಿಗಳಲ್ಲಿ ಮಾತ್ರ ಇಳಿಸತಕ್ಕದ್ದೆಂದೂ, ಪ್ರತಿ ಗ್ಯಾಲನ್ನಿಗೂ ಅದರ ಶಕ್ತಿಗೆ ತಕ್ಕಂತೆ ಸುಂಕ ತೆರತಕ್ಕದ್ದೆಂದೂ ಗೊತ್ತುಪಡಿಸಿದ ಮೇಲೆ, ಶಕ್ತಿಯನ್ನು ಅಳೆಯುವ ಹಿತ್ತಾಳೆಯ ಗೋಲವಿಲ್ಲದೆ ಸರಕಾರದ ಬೊಕ್ಕಸವು ತುಂಬುವಂತಿರಲಿಲ್ಲ. ಮುಂಬಯಿ ಇಲಾಖೆಯ ನಾಡಸಾರಾಯಿಯ ಅಂಗಡಿಗಳಲ್ಲಿ 25 ಡಿಗ್ರಿ ಕೆಳಗಿನದು ಮತ್ತು 60 ಡಿಗ್ರಿ ಕೆಳಗಿನದು ಎಂಬ ಎರಡು ದರ್ಜೆಗಳು ರೂಢಿಗೆ ಬಂದವು. ಮೊದಲನೆಯದು ಖಾರ, ಎರಡನೆಯದು ಬಡವರ ಪಾಲಿನ ನೀರುಸಾರಾಯಿ. ಅದು ಯಾವ ಹೂವಿನದು, ಯಾವ ಬೆಲ್ಲದ್ದು, ಹಳೆಯದೋ ಹೊಸದೋ, ಸುಟ್ಟ ವಾಸನೆಯುಳ್ಳದ್ದೋ ಕಂಪಿನದೋ ಎಂಬ ಪ್ರಶ್ನೆಗಳಿಗೆ ಆ ಕಚೇರಿಯ ದಫ್ತರಗಳಲ್ಲಿ ಕಲಮೇ ಇರಲಿಲ್ಲ.

ನಮ್ಮ ಪೂರ್ವಿಕರಿಗೆ ಆ ಪ್ರಶ್ನೆಗಳು ತಿಳಿಯದೆ ಇರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಕೌಟಿಲ್ಯನ ಸುರಾಧ್ಯಕ್ಷನು ಮೇದಕ, ಪ್ರಸನ್ನ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಪಾನಗಳನ್ನು ವಿಂಗಡಿಸಿಕೊಂಡು ಒಂದೊಂದರ ಪಾಕವನ್ನೂ ಬಲ್ಲವನಾಗಿದ್ದನು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜಯೋಗ್ಯವಾದ ಕ್ರೀಡೆಗಳ ಸಾಲಿನಲ್ಲಿ ಮದಿರಾಪಾನಕ್ರೀಡೆಗೂ ಒಂದು ಅಧ್ಯಾಯವುಂಟು. ಅದೇ ಶತಮಾನದಲ್ಲಿ ಇಂದಿನ ಖಾನಾಪುರ ತಾಲ್ಲೂಕಿನ ಹಲಸಿಯು, ಎಂದರೆ ಶಾಸನಗಳ ಪಲಸಿಗೆಯು, ಗೋವೆಯ ಕದಂಬ ಶಿವಚಿತ್ತ ಪೆರ್ಮಾಡಿಯ ಆಳ್ವಿಕೆಯಲ್ಲಿ ಸಮುದ್ರತೀರದ ರಾಜಧಾನಿಗೆ ಜೋಡಿಯಾದ ಘಟ್ಟದ ಮೇಲಿನ ರಾಜಧಾನಿಯಾಗಿತ್ತು. ಆದಕಾರಣ ಕಡಲ ಸರಕು ಘಟ್ಟವೇರಿ ಬರುವುದೂ ಘಟ್ಟದ ಧಾನ್ಯ ಕಡಲಿಗಿಳಿಯುವುದೂ ಈ ಸೀಮೆಗೆ ಹೊಸತಲ್ಲ. ಖಾನಾಪುರದ ನೆಂಟಸ್ತಿಕೆ ಎಂದೂ ಎರಡು ದಿಕ್ಕಿನದು: ಉತ್ತರಕ್ಕೆ ಬೆಳಗಾವಿಯ ಕಚೇರಿ, ಪಶ್ಚಿಮಕ್ಕೆ ಗೋವೆಯ ಹಡಗು.

ಆ ಹಡಗಿನಲ್ಲಿ 16ನೆಯ ಶತಮಾನದ ಪೋರ್ಚುಗೀಸರು ಬ್ರೆಜಿಲ್ಲಿನಿಂದ ತಂದ ಗೇರುಮರವು, ಮಣ್ಣು ಕೊಚ್ಚಿಹೋಗದಂತೆ ತಡೆಯಲೆಂದು ನೆಡಲ್ಪಟ್ಟು, ಯಾರ ಆರೈಕೆಯನ್ನೂ ಬೇಡದೆ ಕೆಂಪುಕಲ್ಲಿನ ಗುಡ್ಡಗಳನ್ನೆಲ್ಲ ಆವರಿಸಿ, ಕಾಲಕ್ರಮದಲ್ಲಿ ಘಟ್ಟದ ಮೇಲಿನ ಜಾಂಬೋಟಿ, ಕಣಕುಂಬಿಗಳ ಕಡೆಗೂ ಹಬ್ಬಿತು. ಬೀಜವನ್ನು ಸುಟ್ಟು ತಿನ್ನುವುದು ಎಲ್ಲರೂ ಬಲ್ಲ ಸಂಗತಿ. ಬೀಜಕ್ಕೆ ಕಿರೀಟವಾಗಿ ತೂಗುವ ಆ ರಸಭರಿತವಾದ ಹಣ್ಣನ್ನು ಪಾನವಾಗಿಸುವ ವಿದ್ಯೆಯನ್ನು ಗೋವೆಯವರು ಸಾಧಿಸಿದರು. ಅದರ ವಿವರವನ್ನು ತುಸು ನಿಧಾನವಾಗಿಯೇ ನೋಡಬೇಕು, ಏಕೆಂದರೆ ನಮ್ಮ ಪ್ರದೇಶದಲ್ಲಿ ಮದ್ಯವನ್ನು ನಾಲಗೆಯಿಂದ, ಮೂಗಿನಿಂದ, ಕಣ್ಣಿನಿಂದ ಪರೀಕ್ಷಿಸುವ ಕಲೆ ಜೀವಂತವಾಗಿ ಉಳಿದಿರುವುದು ಈ ಒಂದು ಕಸುಬಿನಲ್ಲಿಯೇ.

ಫೆಬ್ರುವರಿಯ ಕೊನೆಯಿಂದ ಮೇ ತಿಂಗಳವರೆಗೆ, ಮರದಿಂದ ಕಿತ್ತ ಹಣ್ಣನ್ನು ಬಳಸದೆ, ಪಕ್ವವಾಗಿ ತಾನಾಗಿಯೇ ಉದುರಿದ್ದನ್ನು ಮಾತ್ರ ಆಯ್ದು, ಬೀಜವನ್ನು ತಿರುಚಿ ಬಿಡಿಸಿ, ಬಂಡೆಯಲ್ಲಿ ಕೊರೆದ ಕೊಳಂಬಿಯಲ್ಲಿ ಹಾಕಿ ಕಾಲಿನಿಂದ ತುಳಿಯುತ್ತಾರೆ. ರಸವು ಸೋರಿದ ಮೇಲೆ ಉಳಿದ ಹಿಪ್ಪೆಯನ್ನು ಹಗ್ಗದಿಂದ ಸುತ್ತಿ ಗುಪ್ಪೆ ಮಾಡಿ ಮೇಲೆ ಕಲ್ಲು ಹೇರಿದರೆ ತೊಟ್ಟಿಕ್ಕುವ ತಿಳಿಯಾದ ನೀರೊ ಎಂಬುದು ಮಕ್ಕಳೂ ಕುಡಿಯಬಹುದಾದ ಬೇಸಗೆಯ ತಂಪು. ರಸವು ಮೂರು ದಿನ ಹುಳಿತು ನೊರೆಯಡಗಿದ ಬಳಿಕ ಅದನ್ನು ಭಟ್ಟಿಯ ಮೇಲೇರಿಸುತ್ತಾರೆ. ಹಿಂದೆ ಮಣ್ಣಿನದಾಗಿದ್ದು ಈಗ ತಾಮ್ರದ್ದಾಗಿರುವ ಭಾಣದಲ್ಲಿ ಕುದಿದ ಆವಿಯು ಕೊಳವೆಯ ಮೂಲಕ ಹೊರಬಂದು, ಹೊರಗಿನಿಂದ ತಣ್ಣೀರು ಹೊಯ್ಯಿಸಿಕೊಳ್ಳುತ್ತಿರುವ ಲವಣಿಯೆಂಬ ಪಾತ್ರೆಯಲ್ಲಿ ಹನಿಗಟ್ಟುತ್ತದೆ. ಮೊದಲ ಸಲ ಇಳಿದದ್ದು ಉರಾಕ್. ಸೌಮ್ಯವಾದದ್ದು, ಹಣ್ಣಿನ ನಸುಗಂಪನ್ನು ಕಳೆದುಕೊಳ್ಳದ್ದು, ಬಹುಕಾಲ ಇಡಲು ಬಾರದ್ದು. ಉರಾಕನ್ನು ಹುಳಿತ ರಸದೊಡನೆ ಬೆರೆಸಿ ಮತ್ತೆ ಇಳಿಸಿದರೆ ಫೇಣಿ. ಅದು ಎಷ್ಟು ವರ್ಷವಿಟ್ಟರೂ ಕೆಡದು. ಗಾಜಿನ ದೊಡ್ಡ ಬುರುಡೆಗಳಲ್ಲಿ ತುಂಬಿಟ್ಟ ಹಳೆಯ ಫೇಣಿಗೆ ಮನೆಗಳಲ್ಲಿ ಔಷಧದ ಗೌರವ.

ಪರೀಕ್ಷೆಯ ವಿಧಾನಗಳನ್ನು ನೋಡಿ. ಪೋರ್ಚುಗೀಸರು ಯುರೋಪಿನ ಕಾರ್ತಿಯೇ ಎಂಬ ಮಾನವನ್ನು ತಂದಿದ್ದರು. ಅದರಲ್ಲಿ ಶುದ್ಧವಾದ ನೀರು ಹತ್ತನೆಯ ಗೆರೆಯಲ್ಲಿ ನಿಲ್ಲುತ್ತದೆ, ಮದ್ಯಸಾರ ಹೆಚ್ಚಿದಷ್ಟೂ ಅಂಕೆ ಮೇಲೇರುತ್ತದೆ. ‘ಇದು ಎಷ್ಟು ಗ್ರಾವ್?’ ಎಂದು ಗೋವೆಯವರು ಈಗಲೂ ಕೇಳುವುದು ಆ ಮಾನದ ಮಾತನ್ನೇ. ಆದರೆ ಗಾಜಿನ ಕಡ್ಡಿಯನ್ನು ಇಳಿಬಿಡುವುದಕ್ಕೆ ಮೊದಲೇ ನುರಿತವನು ಸೀಸೆಯನ್ನು ಒಮ್ಮೆ ಜೋರಾಗಿ ಕುಲುಕಿ, ಕತ್ತಿನ ಕೆಳಗೆ ಸುತ್ತಲೂ ಎದ್ದ ಗುಳ್ಳೆಗಳ ಗಾತ್ರವನ್ನೂ ಅವು ಒಡೆಯಲು ತೆಗೆದುಕೊಳ್ಳುವ ಕಾಲವನ್ನೂ ನೋಡಿ ಶಕ್ತಿಯನ್ನು ಅಂದಾಜು ಮಾಡಿರುತ್ತಾನೆ. ನೀರು ಬೆರೆತದ್ದಾದರೆ ಗುಳ್ಳೆಗಳು ಎದ್ದ ಕ್ಷಣದಲ್ಲೇ ಅಡಗುತ್ತವೆ. ಸರಿಯಾದ ಹದದ್ದಾದರೆ ಮಣಿಯ ಸರದಂತೆ ಅಂಚುಗಟ್ಟಿ ನಿಲ್ಲುತ್ತವೆ. ಆಮೇಲೆ ಅಂಗೈಗೆ ನಾಲ್ಕು ಹನಿ ಹಾಕಿಕೊಂಡು ಎರಡೂ ಕೈಗಳಿಂದ ಉಜ್ಜಿದರೆ, ಮೂಗನ್ನು ಚುಚ್ಚುವ ಘಾಟು ಮೊದಲು ಹಾರಿಹೋಗಿ, ಅದರ ಹಿಂದಿನಿಂದ ಬಂದು ನಿಲ್ಲುವ ಗಂಧವೇ ಸರಕಿನ ನಿಜವಾದ ಗುಣವನ್ನು ಹೇಳುತ್ತದೆ. ಕಳಿತ ಗೇರುಹಣ್ಣಿನ ವಾಸನೆ ಉಳಿದರೆ ಒಳ್ಳೆಯದು, ಸುಟ್ಟ ಹಿಪ್ಪೆಯದು ಉಳಿದರೆ ಉರಿ ಹೆಚ್ಚಾಗಿ ತಳ ಹಿಡಿದದ್ದು, ಬೆಲ್ಲದ ವಾಸನೆ ಬಂದರೆ ಮೋಸ. ಈ ಪರೀಕ್ಷೆಗೆ ಸೈಕ್ಸನ ಪೆಟ್ಟಿಗೆಯಲ್ಲಿ ಬಿಲ್ಲೆಯಿಲ್ಲ.

ಇಂದು ಅಮೇರಿಕದ ಕೆಂಟಕಿಯಲ್ಲಿ ಮಿತಸಂಖ್ಯೆಯಲ್ಲಿ ಹೊರಡಿಸುವ ವಿಸ್ಕಿಗಳಿಗಾಗಿ ಜಗತ್ತಿನ ಶ್ರೀಮಂತರು ಸರತಿಯಲ್ಲಿ ನಿಲ್ಲುತ್ತಾರೆ. ನಮ್ಮ ನಗರಗಳ ತರುಣರೂ ಆ ಸೀಸೆಗಳನ್ನು ಟ್ಯೂಲಿಪ್ ಹೂವಿನಾಕೃತಿಯ ಬಟ್ಟಲಿಗೆ ಬಗ್ಗಿಸಿಕೊಂಡು, ಬಣ್ಣವನ್ನು ಬೆಳಕಿಗೆ ಹಿಡಿದು, ಮೂಸಿ, ಗುಟುಕರಿಸಿ, ಎರಡು ಹನಿ ನೀರು ಬೆರೆಸಿ ಮತ್ತೆ ಮೂಸಿ, ಗಂಟಲಿಳಿದ ಬಳಿಕ ರುಚಿಯು ಎಷ್ಟು ಹೊತ್ತು ನಿಂತಿತೆಂಬುದನ್ನು ಬರೆದಿಟ್ಟು ಅಂಕ ಕೊಡುತ್ತಾರೆ. ಅದನ್ನು ಹಾಸ್ಯ ಮಾಡುವ ಇರಾದೆ ನನಗಿಲ್ಲ; ಗುಣವನ್ನು ಗುರುತಿಸಲು ಪಡುವ ಶ್ರಮ ಯಾವುದೇ ಇರಲಿ ಅದು ಆದರಣೀಯವೇ. ಆ ದೇಶದಲ್ಲಿ 1897ರ ಕಾಯಿದೆಯೊಂದು, ಒಂದೇ ಭಟ್ಟಿಯಲ್ಲಿ ಒಂದೇ ಹಂಗಾಮಿನಲ್ಲಿ ಇಳಿಸಿ, ಸರಕಾರದ ಬೀಗವಿರುವ ಉಗ್ರಾಣದಲ್ಲಿ ಕನಿಷ್ಠ 4 ವರ್ಷ ಇಟ್ಟು, ಅವರ ಲೆಕ್ಕದ 100 ಪ್ರೂಫಿಗೆ, ಎಂದರೆ ನೂರಕ್ಕೆ 50 ಪಾಲಿಗೆ ತಂದು ತುಂಬಿದ ವಿಸ್ಕಿಗೆ ಮಾತ್ರ ‘ಬಾಟಲ್ಡ್ ಇನ್ ಬಾಂಡ್’ ಎಂಬ ಮುದ್ರೆ ಸಲ್ಲತಕ್ಕದ್ದೆಂದು ವಿಧಿಸಿತು. ಕಲಬೆರಕೆಯವರ ಹಾವಳಿಯಿಂದ ರೋಸಿಹೋದ ತಯಾರಕರೇ ಬಯಸಿ ಪಡೆದ ಕಾಯಿದೆಯಿದು. 1984ರಲ್ಲಿ ಬ್ಲಾಂಟನ್ಸ್ ಎಂಬ ವಿಸ್ಕಿಯು ಪ್ರತಿಯೊಂದು ಸೀಸೆಯನ್ನೂ ಒಂದೇ ಪೀಪಾಯಿಯಿಂದ ತುಂಬಿ, ಆ ಪೀಪಾಯಿಯ ಸಂಖ್ಯೆಯನ್ನು ಚೀಟಿಯ ಮೇಲೆಯೇ ಬರೆದು ಮಾರಿತು. ಹಂಗಾಮು, ಸ್ಥಳ, ಕೈ, ಪ್ರಮಾಣ ಎಂಬ ನಾಲ್ಕರ ಮಿತಿಯೇ ಅಲ್ಲಿ ಬೆಲೆಗೆ ಆಧಾರವಾಯಿತು. ಉರಾಕಿಗೆ ಈ ನಾಲ್ಕೂ ಮಿತಿಗಳು ಹುಟ್ಟಿನಿಂದಲೇ ಬಂದಿವೆ. ಅದರ ಹಂಗಾಮು ಮೂರು ತಿಂಗಳು, ಸ್ಥಳ ಒಂದು ಗುಡ್ಡ, ಪ್ರಮಾಣ ಒಂದು ಭಾಣ; ಇಲ್ಲದಿರುವುದು ಚೀಟಿ. ಒಂದೇ ಸರಕಾರಿ ಬೀಗವು ಕೆಂಟಕಿಯಲ್ಲಿ ಗುಣಕ್ಕೆ ಸಾಕ್ಷಿಯಾಗಿ, ಮುಂಬಯಿ ಇಲಾಖೆಯಲ್ಲಿ ಸುಂಕಕ್ಕೆ ಮಾತ್ರ ಸಾಕ್ಷಿಯಾಗಿ ನಿಂತದ್ದೇ ಈ ಅಂತರಕ್ಕೆ ಕಾರಣವೆಂದು ನನ್ನ ಅಭಿಪ್ರಾಯ.

1878ರಲ್ಲಿ, ಮುಂಬಯಿಯ ಅಬಕಾರಿ ಕಾಯಿದೆ ಹೊರಟ ವರ್ಷವೇ, ಬ್ರಿಟಿಷರೂ ಪೋರ್ಚುಗೀಸರೂ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. 1880ರಿಂದ 1892ರವರೆಗೆ ಜಾರಿಯಲ್ಲಿದ್ದ ಆ ಒಪ್ಪಂದದಿಂದ ಎರಡು ರಾಜ್ಯಗಳ ನಡುವಿನ ಸುಂಕದ ಗಡಿ ಅಳಿದು, ಗೋವೆಯ ಉಪ್ಪು ಬ್ರಿಟಿಷರ ಹತೋಟಿಗೆ ಹೋಗಿ, ಅಲ್ಲಿನ ಭಟ್ಟಿಗಳಿಗೂ ಬ್ರಿಟಿಷ್ ಮಾದರಿಯ ಅಬಕಾರಿಯ ಅಂಕುಶ ಬಿದ್ದಿತು. ಮಾರ್ಮಗೋವೆಯಿಂದ ಘಟ್ಟವೇರಿ ಬಂದು ಖಾನಾಪುರ ತಾಲ್ಲೂಕಿನ ಲೋಂಡಾದಲ್ಲಿ ದಕ್ಷಿಣ ಮರಾಠಾ ರೇಲ್ವೆಯನ್ನು ಕೂಡುವ ದಾರಿ 1888ರಲ್ಲಿ ತೆರೆದುದೂ ಅದೇ ಒಪ್ಪಂದದ ಫಲ. ಒಪ್ಪಂದ ಮುಗಿದ ಮೇಲೆ ಗಡಿಯ ನಿಲ್ದಾಣವಾದ ಕ್ಯಾಸಲ್‌ರಾಕಿನಲ್ಲಿ ಪೆಟ್ಟಿಗೆ ಬಿಚ್ಚಿಸುವ ಸುಂಕದವರು ಮರಳಿ ಬಂದರು. ಕಾಡಿನ ಕಾಲುದಾರಿಗಳಿಗೆ ಮಾತ್ರ ಯಾವ ಒಪ್ಪಂದವೂ ಲೆಕ್ಕಕ್ಕಿರಲಿಲ್ಲ.

ಬೆಳಗಾವಿಯ ಪಟ್ಟಣದೊಳಗೆ ಬೇರೆಯೇ ಕಥೆ. 1818ರಲ್ಲಿ ಕೋಟೆ ಬ್ರಿಟಿಷರ ವಶವಾದ ತರುವಾಯ ಬೆಳೆದ ದಂಡಿನ ಪ್ರದೇಶ, ಎಂದರೆ ಕ್ಯಾಂಪು, ತನ್ನ ಮೆಸ್ಸುಗಳಲ್ಲಿ ವಿಲಾಯತಿ ಪೀಪಾಯಿಗಳನ್ನು ಇರಿಸಿಕೊಂಡಿದ್ದರೆ, ಪೇಟೆಯ ಕಡೆ ಪಾನನಿಷೇಧವು ರಾಷ್ಟ್ರೀಯ ಧರ್ಮವಾಗುತ್ತ ಬಂದಿತು. 1921ರ ಜುಲೈ 1ರಂದು ನೆರೆಯ ಧಾರವಾಡದಲ್ಲಿ ಸಾರಾಯಿ ಅಂಗಡಿಯ ಮುಂದಿನ ಧರಣಿಯ ಪ್ರಸಂಗದಲ್ಲಿ ಗೋಲೀಬಾರಾಗಿ ಮೂವರು ಪ್ರಾಣ ತೆತ್ತರು. 1924ರ ಡಿಸೆಂಬರಿನಲ್ಲಿ, ಗಂಗಾಧರರಾವ್ ದೇಶಪಾಂಡೆಯವರ ಕರ್ತೃತ್ವದಿಂದ ಬೆಳಗಾವಿಯಲ್ಲಿ ಸೇರಿದ, ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನವನ್ನು ಕಂಡ ಜನರಿಗೆ, ಸಾರಾಯಿಯ ಸುಂಕದಿಂದ ಶಾಲೆ ನಡೆಸುವ ಸರಕಾರವೇ ಅಧರ್ಮದ್ದೆಂದು ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಸ್ವಾತಂತ್ರ್ಯಾನಂತರ 1949ರ ಮುಂಬಯಿ ಪಾನನಿರೋಧ ಕಾಯಿದೆಯು, ಮೊರಾರ್ಜಿ ದೇಸಾಯಿಯವರ ನಿಷ್ಠೆಯ ಬೆಂಬಲದೊಡನೆ, ಬೆಳಗಾವಿ ಜಿಲ್ಲೆಯನ್ನೂ ಒಣಗಿಸಿತು.

ಆದರೆ ಒಣಗಿಸಿದ್ದು ಅರ್ಧವನ್ನೇ. ಸೈನಿಕರ ಮೆಸ್ಸುಗಳಿಗೆ ಕಾಯಿದೆಯಲ್ಲಿ ವಿನಾಯಿತಿಯ ಅವಕಾಶವಿದ್ದಿತು. 1951ರಲ್ಲಿ ಬಾಲ್ಸಾರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ವಿನಾಯಿತಿಯನ್ನು ಎತ್ತಿಹಿಡಿಯಿತು, ಆದರೆ ಮದ್ಯಸಾರವಿರುವ ಔಷಧಗಳ ಮೇಲಿನ ನಿರ್ಬಂಧವನ್ನು ಅಸಿಂಧುಗೊಳಿಸಿತು. ಹೀಗಾಗಿ ಒಂದೇ ಬೆಳಗಾವಿಯಲ್ಲಿ ಕ್ಯಾಂಪಿನೊಳಗೆ ವಿಧಿಸಮ್ಮತವಾದದ್ದು ಪೇಟೆಯಲ್ಲಿ ಅಪರಾಧವಾಯಿತು. ನಾಗರಿಕರಿಗೆ ಉಳಿದ ದಾರಿ ವೈದ್ಯರ ಶಿಫಾರಸಿನ ಮೇಲೆ ದೊರೆಯುವ ಪರ್ಮಿಟ್ಟು. ಅಮೇರಿಕವೂ 1920ರಿಂದ 1933ರವರೆಗೆ ಪಾನನಿರೋಧದ ಪ್ರಯೋಗವನ್ನು ಮಾಡಿ, ವೈದ್ಯರ ಚೀಟಿಯ ಮೇಲೆ ಔಷಧದಂಗಡಿಗಳಲ್ಲಿ ವಿಸ್ಕಿ ಕೊಡಿಸಿದ್ದನ್ನು ನೆನೆದರೆ, ಧರ್ಮಶಾಸ್ತ್ರವು ಮುಚ್ಚಿದ ಬಾಗಿಲನ್ನು ವೈದ್ಯಶಾಸ್ತ್ರವು ಕಿಂಚಿತ್ತು ತೆರೆಯುವುದು ಎರಡು ಖಂಡಗಳಿಗೂ ಸಮಾನವೆಂದು ಕಾಣುತ್ತದೆ. ಪರ್ಮಿಟ್ಟು ಪಡೆಯಲಾರದವರು ಬೆಲ್ಲ, ನವಸಾಗರಗಳ ಕಳ್ಳಭಟ್ಟಿಯನ್ನೂ ಟಿಂಚರನ್ನೂ ಆಶ್ರಯಿಸಿದರು. ಪಾನನಿರೋಧದಿಂದ ಎಷ್ಟೋ ಬಡ ಸಂಸಾರಗಳು ಉಸಿರಾಡಿದವೆಂಬುದು ನಿಜ, ಹಾಗೆಯೇ ರುಚಿಶುದ್ಧಿಯ ವಿವೇಕವು ಸತ್ತು ‘ಏರಿದರೆ ಸಾಕು’ ಎಂಬ ಒಂದೇ ಕಟ್ಟಳೆ ಉಳಿದದ್ದೂ ನಿಜ.

ಅತ್ತ ಘಟ್ಟದ ಕೆಳಗೆ ಪೋರ್ಚುಗೀಸರ ಗೋವೆ ವಿಲಾಯತಿ ಮದ್ಯದ ಸಂತೆಯಾಗಿತ್ತು. 1956ರ ನವೆಂಬರ್ 1ರಂದು, ಚಂದಗಡ ತಾಲ್ಲೂಕನ್ನು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿದ ಮೇಲೂ ಇಲ್ಲಿ ನಿಷೇಧ ಮುಂದುವರಿಯಿತು. 1961ರ ಡಿಸೆಂಬರಿನಲ್ಲಿ ಮೇಜರ್ ಜನರಲ್ ಕ್ಯಾಂಡೆತ್ತರ ದಳವು ಬೆಳಗಾವಿಯಲ್ಲಿ ಜಮಾಯಿಸಿ, ಘಟ್ಟವಿಳಿದು ಹೋಗಿ, 19ರಂದು ಗೋವೆಯನ್ನು ಸ್ವತಂತ್ರಗೊಳಿಸಿದಾಗ ಎರಡು ದೇಶಗಳ ನಡುವಿನ ಗಡಿ ಹೋಯಿತು, ಎರಡು ಕಾಯಿದೆಗಳ ನಡುವಿನ ಗಡಿ ಉಳಿಯಿತು. ಮೇಲೆ ಒಣ ಬೆಳಗಾವಿ, ಕೆಳಗೆ ತೊಯ್ದ ಗೋವೆ, ನಡುವೆ ಚೋರ್ಲಾ ಮತ್ತು ಅನಮೋಡ ಘಾಟುಗಳ ದಟ್ಟಡವಿ. 1967ರಲ್ಲಿ ಮೈಸೂರು ಸರಕಾರ ನಿಷೇಧವನ್ನು ಸಡಿಲಿಸಿದ ಬಳಿಕವೂ, ಗೋವೆಯ ಸುಂಕ ಕಡಿಮೆಯಾದದ್ದರಿಂದ, ಕಣಕುಂಬಿಯ ತನಿಖಾ ಠಾಣೆಗೆ ಕೆಲಸ ತಪ್ಪಲಿಲ್ಲ.

ಆ ನಂತರದ ಬೆಳಗಾವಿಯ ವಿಸ್ಕಿಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಕೃಷ್ಣಾತೀರದ ಕಬ್ಬಿನ ಕಾಕಂಬಿಯೇ ಅದರ ಮೂಲದ್ರವ್ಯ. 1939ರಲ್ಲಿ ಸ್ಥಾಪಿತವಾದ ಉಗಾರದ ಸಕ್ಕರೆ ಕಾರಖಾನೆಯವರೂ ಮುಂದೆ ಭಟ್ಟಿಯನ್ನು ಹೂಡಿದರು. ಕಾಕಂಬಿಯ ಸಾರಕ್ಕೆ ಬಣ್ಣವನ್ನೂ ಪರಿಮಳವನ್ನೂ ಬೆರೆಸಿದ್ದನ್ನು ಯುರೋಪಿನವರು ವಿಸ್ಕಿಯೆಂದೇ ಒಪ್ಪುವುದಿಲ್ಲ, ಮತ್ತು ಈ ವಿಷಯದಲ್ಲಿ ಅವರ ಹಟ ನ್ಯಾಯವಾದುದು. ಗೌರವ ಬಂದದ್ದು 1948ರಲ್ಲಿ ರಾಧಾಕೃಷ್ಣ ಜಗದಾಳೆಯವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಅಮೃತ್ ಸಂಸ್ಥೆಯು 2004ರಲ್ಲಿ ತನ್ನ ಬಾರ್ಲಿಯ ಸಿಂಗಲ್ ಮಾಲ್ಟನ್ನು ಗ್ಲಾಸ್ಗೋದಲ್ಲಿ ಬಿಡುಗಡೆ ಮಾಡಿದಾಗ. 2012ರಲ್ಲಿ ಗೋವೆಯ ಪಾಲ್ ಜಾನ್ ಹಿಂಬಾಲಿಸಿತು. ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕೆಂಬುದು ಬೂರ್ಬನ್ ಎಂಬ ಅಮೇರಿಕದ ವಿಸ್ಕಿಯ ನಿಯಮವಾದ್ದರಿಂದ, ಅಲ್ಲಿನವರು ಒಮ್ಮೆ ಬಳಸಿ ಮಾರುವ ಪೀಪಾಯಿಗಳು ಸಮುದ್ರ ದಾಟಿ ಈ ಎರಡೂ ಉಗ್ರಾಣಗಳಿಗೆ ಬರುತ್ತವೆ. ಕೆಂಟಕಿಯ ವೆನಿಲ್ಲಾದ ಕಂಪು ಹೀಗೆ ಸಹ್ಯಾದ್ರಿಯ ಬುಡಕ್ಕೂ ತಲಪಿದೆ. ಬೆಂಗಳೂರಿನ ಹವೆಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಹತ್ತಕ್ಕೂ ಹೆಚ್ಚು ಪಾಲು ಆವಿಯಾಗಿ ಹೋಗುವುದರಿಂದ ಹನ್ನೆರಡು ವರ್ಷದ ಹಳತನ ನಮಗೆ ದುಬಾರಿಯಾದ ಕನಸು. ಶೀತದೇಶದ ಅಳತೆಗೋಲಾದ ವಯಸ್ಸು ಇಲ್ಲಿ ಗುಣಕ್ಕೆ ಪ್ರಮಾಣವಾಗಲಾರದು.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. 2009ರಲ್ಲಿ ಗೋವೆಯ ಗೇರುಫೇಣಿಗೆ ಭೌಗೋಳಿಕ ಸೂಚಿಕೆಯ ರಕ್ಷಣೆ ದೊರೆಯಿತು; 2016ರಲ್ಲಿ ಗೋವೆಯ ಸರಕಾರ ಅದನ್ನು ಪರಂಪರೆಯ ಪಾನವೆಂದು ಸಾರಿತು. ಘಟ್ಟದ ಮೇಲಿನ ಗೇರುಹಣ್ಣಿನಿಂದ ಇಳಿಸಿದ್ದು ಆ ಹೆಸರನ್ನು ಹೊರುವಂತಿಲ್ಲ, ಪರವಾನಗಿಯಿಲ್ಲದೆ ಇಲ್ಲಿ ಇಳಿಸುವಂತೆಯೂ ಇಲ್ಲ. ಆದ್ದರಿಂದ ಖಾನಾಪುರ ಸೀಮೆಯಲ್ಲಿ ಬೀಜಕ್ಕೆ ಬೆಲೆ, ಹಣ್ಣು ಮರದ ಬುಡಕ್ಕೆ. ಇದನ್ನು ಬದಲಿಸಬೇಕೋ ಬೇಡವೋ ಎಂಬುದು ಶಾಸಕರ ಚರ್ಚೆಯ ವಿಷಯ, ಅದರಲ್ಲಿ ಹೆಂಗಸರ ಮಾತಿಗೆ ಮೊದಲ ಸ್ಥಾನವಿರಬೇಕು. ನನ್ನ ಬಿನ್ನಹವು ಅದಕ್ಕಿಂತ ಚಿಕ್ಕದು. ಬೆಳಗಾವಿ, ಖಾನಾಪುರ, ಲೋಂಡಾಗಳ ಹಳೆಯ ಮನೆಗಳಲ್ಲಿ ಅಬಕಾರಿ ಗುತ್ತಿಗೆಯ ಕಾಗದಗಳೂ, ಮುಂಬಯಿ ಕಾಲದ ಪರ್ಮಿಟ್ಟು ಪುಸ್ತಕಗಳೂ, ಹಿತ್ತಾಳೆಯ ಮಾಪಕದ ಪೆಟ್ಟಿಗೆಗಳೂ ಅಟ್ಟದ ಮೇಲೆ ಬಿದ್ದಿದ್ದರೆ, ಲಜ್ಜೆಯಿಂದ ಅವನ್ನು ರದ್ದಿಗೆ ಹಾಕಬೇಡಿರಿ. ರಾಜ್ಯ ಪತ್ರಾಗಾರಕ್ಕೋ ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ ಒಪ್ಪಿಸಿರಿ.